ಅಜ್ಜನ ಷೆವರ್ಲೆ ಪಿಕಪ್: ಎಲ್ಲಿ ಕೊಯ್ಯಬಹುದು, ಎಲ್ಲಿ ಕೈ ಹಚ್ಚಬಾರದು

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮ ಕಾಫಿ ತೋಟದ ಶೆಡ್ಡಿನಲ್ಲಿ ಅಜ್ಜ ಕೊಂಡಿದ್ದ 1951ರ ಷೆವರ್ಲೆ 3100 ಪಿಕಪ್ ನಿಂತಿದೆ. ಎಂಜಿನ್ ಮೂಲದ್ದೇ, ಆದರೆ ಇಪ್ಪತ್ತು ವರ್ಷದಿಂದ ಓಡಿಲ್ಲ. ಕ್ಯಾಬಿನ ಹಿಂದಿನ ಎರಡೂ ಮೂಲೆ, ಒಳನೆಲ, ಬಾಗಿಲುಗಳ ಕೆಳ ಅಂಚು ತುಕ್ಕು ತಿಂದಿವೆ. ಹಿಂದಿನ ತೊಟ್ಟಿಯ ಹಲಗೆ ಗೆದ್ದಲಿಗೆ ಹೋಗಿದೆ. ಪೇಟೆಯ ಟಿಂಕರಿಂಗ್ ಶೆಡ್ಡಿನವರು ತುಕ್ಕಿನ ಮೇಲೆ ಜಿಐ ಶೀಟ್ (ಸತು ಲೇಪಿಸಿದ ತಗಡು) ಹೊಡೆದು ಪುಟ್ಟಿ ಹಾಕುತ್ತೇವೆ, ಕ್ಯಾಬನ್ನು ಈಗಿನ ಕಾಲದ ಪಿಕಪ್ ಚಾಸಿ ಮೇಲೆ ಕೂರಿಸಿಕೊಡುತ್ತೇವೆ ಎನ್ನುತ್ತಾರೆ. ನನಗೆ ರೂಫ್ ಮೂರು ಇಂಚು ತಗ್ಗಿಸಿ, ಹಿಂದಿನ ಮಡ್‌ಗಾರ್ಡ್ ಅಗಲ ಮಾಡಿಸಿ, ದಪ್ಪ ಟೈರ್ ಹಾಕಿಸುವ ಆಸೆ. ಹೇಗೆ ಹೋಗಬೇಕು, ಸರ್? ಫೋಟೊ ಕಳಿಸಿದ್ದೇನೆ.

ಉತ್ತರ: ನಿಮ್ಮ ಫೋಟೊಗಳನ್ನು ಎರಡು ಸಲ ನೋಡಿದೆ. ಗಾಡಿ ನೀವು ಹೆದರಿದಷ್ಟು ಹಾಳಾಗಿಲ್ಲ. ರೂಫು, ವಿಂಡ್‌ಶೀಲ್ಡ್ ಕಂಬಗಳು, ಹಿಂಗೋಡೆಯ ಮೇಲರ್ಧ ಎಲ್ಲ ಗಟ್ಟಿಯಾಗಿವೆ. ತುಕ್ಕು ಸೊಂಟದಿಂದ ಕೆಳಗೆ ಮಾತ್ರ ಇದೆ. ಹಾಗಾಗಿ ಮೊದಲ ಮಾತು, ಯಾರ ಕೈಗೂ ಸದ್ಯಕ್ಕೆ ಗ್ರೈಂಡರ್ ಕೊಡಬೇಡಿ.

ಶೆಡ್ಡಿನವರು ಹೇಳಿದ ಎರಡು ಕೆಲಸವೂ ಬೇಡ. ರೂಫ್ ತಗ್ಗಿಸುವುದೂ ಬೇಡ. ಮಡ್‌ಗಾರ್ಡ್ ಮತ್ತು ಹಿಂದಿನ ತೊಟ್ಟಿಯ ಕೆಲಸವನ್ನು ಮನಸ್ಸಿಗೆ ಬಂದಂತೆ ಮಾಡಿಸಿ, ಅದಕ್ಕೆ ನನ್ನ ತಕರಾರಿಲ್ಲ. ಈ ವ್ಯತ್ಯಾಸ ಯಾಕೆ ಅನ್ನುವುದು ಗಾಡಿಯ ಕಟ್ಟೋಣದಲ್ಲೇ ಇದೆ. 1947ರಿಂದ 1955ರ ಮೊದಲ ತಿಂಗಳುಗಳವರೆಗೆ ಬಂದ ಈ ಸಾಲಿನ ಷೆವರ್ಲೆಗಳಲ್ಲಿ ಮುಂದಿನ ಮಡ್‌ಗಾರ್ಡು, ಬಾನೆಟ್ಟು, ಫುಟ್‌ಬೋರ್ಡು, ಹಿಂದಿನ ಮಡ್‌ಗಾರ್ಡು, ತೊಟ್ಟಿ, ಅದರ ಹಿಂಬಾಗಿಲು ಎಲ್ಲವೂ ಬೋಲ್ಟಿನಲ್ಲಿ ಕೂತಿವೆ. ಸ್ಪ್ಯಾನರ್ ಹಿಡಿದರೆ ಒಂದೊಂದಾಗಿ ಬಿಚ್ಚಿ ಗೋಡೆಗೆ ಒರಗಿಸಬಹುದು. ಬೆಸೆದು ಒಂದೇ ಗೂಡಾಗಿ ನಿಂತಿರುವುದು ಕ್ಯಾಬ್ ಮಾತ್ರ. ಬೋಲ್ಟಿನ ಭಾಗಕ್ಕೆ ಹೊಸದು ಮಾಡಿಸಿ ಹಾಕಿ, ಹಳೆಯದನ್ನು ಎಣ್ಣೆ ಸವರಿ ಅಟ್ಟದ ಮೇಲಿಟ್ಟರೆ ನಿಮ್ಮ ಮೊಮ್ಮಗ ಬೇಕಾದರೆ ತಿರುಗಿ ಹಾಕಿಕೊಳ್ಳುತ್ತಾನೆ. ಕೊಯ್ದ ಕ್ಯಾಬಿಗೆ ಆ ದಾರಿ ಇಲ್ಲ.

ಇದರಲ್ಲಿ ಕಾನೂನಿನ ಮಾತೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಖಚಿತವಾಗಿ ಹೇಳಿತು. ಇನ್ನೊಂದು ಕಡೆ, 2021ರಲ್ಲಿ ಬಂದ ನಿಯಮ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಗಾಡಿಗಳಿಗೆ ವಿಂಟೇಜ್ ನೋಂದಣಿಯ ಅವಕಾಶ ಕೊಟ್ಟಿದೆ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷ ಚಾಲ್ತಿ. ನವೀಕರಣಕ್ಕೆ 5,000 ರೂಪಾಯಿ, ಐದು ವರ್ಷ. ಆದರೆ ಗಾಡಿ ಮೂಲ ರೂಪದಲ್ಲಿರಬೇಕು. ಚಾಸಿ, ಬಾಡಿ ಗೂಡು, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎಂದು ನಿಯಮ ಬಿಡಿಸಿ ಹೇಳುತ್ತದೆ. ಆ ನೋಂದಣಿ ಸಿಕ್ಕರೂ ದಿನನಿತ್ಯದ ಓಡಾಟಕ್ಕಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ಹಾಕಿಸುವುದು ಇಂಥವಕ್ಕೆ. ನಿಮ್ಮದು ಎಂಜಿನ್ ಸಮೇತ ಮೂಲದ್ದು ಉಳಿದಿರುವ ಗಾಡಿ. ಅಂಥ ಎಷ್ಟೋ ಗಾಡಿಗಳಿಗೆ ಆ ಕಾಲದಲ್ಲೇ ಡೀಸೆಲ್ ಎಂಜಿನ್ ಏರಿಸಿಬಿಟ್ಟರು. ಹೊಸ ಚಾಸಿ ಮೇಲೆ ಕೂರಿಸಿದ ಕ್ಷಣಕ್ಕೆ ಈ ಬಾಗಿಲು ಮುಚ್ಚುತ್ತದೆ, ಮತ್ತು ಕಾಗದದಲ್ಲಿ ಅದು ಯಾವ ಗಾಡಿ ಎನ್ನುವ ಪ್ರಶ್ನೆಗೆ ನಿಮ್ಮ ಹತ್ತಿರ ಉತ್ತರ ಇರುವುದಿಲ್ಲ. ಮಡ್‌ಗಾರ್ಡ್ ಅಗಲ ಮಾಡಿಸುವುದಿದ್ದರೂ ಮೂಲ ಜೊತೆಯನ್ನು ಹಾಕಿಯೇ ತಪಾಸಣೆಗೆ ಒಯ್ಯಿರಿ, ಕೆಲಸ ಶುರು ಮಾಡುವ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿಕೊಳ್ಳಿ.

ಚಾಸಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು 116 ಇಂಚು ವೀಲ್‌ಬೇಸಿನ (ಮುಂದಿನ ಹಿಂದಿನ ಚಕ್ರಗಳ ನಡುವಿನ ಅಂತರ), ರಿವೆಟ್ ಹೊಡೆದ, ಏಣಿಯಾಕಾರದ ಚಾಸಿ. ತಂತಿಬ್ರಷ್ ಹಾಕಿ ಉಜ್ಜಿ, ಪಟ್ಟಾ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್ಟುಗಳ ಸುತ್ತ, ಸ್ಟೀರಿಂಗ್ ಬಾಕ್ಸ್ ಕೂತ ಕಡೆ ಬಿರುಕು ಇದೆಯಾ ನೋಡಿ. ಸಡಿಲ ರಿವೆಟ್ ಇದ್ದರೆ ತೆಗೆದು ಬದಲಿಸಿ. ಮೂಲೆಯಿಂದ ಮೂಲೆಗೆ ಟೇಪ್ ಹಿಡಿದು ಎರಡೂ ಕರ್ಣ ಒಂದೇ ಬಂದರೆ ಅಷ್ಟು ಸಾಕು.

ರೂಫ್ ತಗ್ಗಿಸುವ ಆಸೆ ನನಗೆ ಅರ್ಥವಾಗುತ್ತದೆ, ತಗ್ಗಿದ ರೂಫಿನ ಪಿಕಪ್ ನೋಡಲು ಚೆಂದ. ನಿಮ್ಮ 1951ರಲ್ಲಿ ಎದುರಿಗೆ ಎರಡು ತುಂಡಿನ ಚಪ್ಪಟೆ ಗಾಜು ಇರುವುದರಿಂದ ಗಾಜಿನ ಮಟ್ಟಿಗೆ ಕೆಲಸ ಸುಲಭವೂ ಹೌದು. 1954ರಲ್ಲಿ ಬಂದ ಒಂದೇ ತುಂಡಿನ ಬಾಗಿದ ಗಾಜಾಗಿದ್ದರೆ ಅದೂ ತಲೆನೋವು. ಆದರೆ ಈ ಕ್ಯಾಬಿನ ಕಂಬಗಳು ಒಳಕ್ಕೆ ವಾಲಿಕೊಂಡಿವೆ. ನಡುವೆ ಮೂರು ಇಂಚು ತೆಗೆದು ಮೇಲಿನದನ್ನು ಕೆಳಗಿಳಿಸಿದರೆ ಕಂಬದ ತುದಿಗೆ ತುದಿ ಕೂಡುವುದಿಲ್ಲ. ಕೂಡಿಸಲು ಒಂದೋ ಕಂಬಗಳನ್ನು ಬುಡದಲ್ಲಿ ಸೀಳಿ ವಾಲಿಸಬೇಕು, ಇಲ್ಲವೇ ರೂಫನ್ನೇ ಸೀಳಿ ನಡುವೆ ಪಟ್ಟಿ ಸೇರಿಸಬೇಕು. ಆ ರೂಫ್ ಎಲ್ಲ ದಿಕ್ಕಿಗೂ ಉಬ್ಬಿದ ತಗಡು. ಅದರ ನಟ್ಟನಡುವೆ ಎದೆಯುದ್ದ ಬೆಸುಗೆ ಹಾಕಿ ತಗಡು ಸೊಟ್ಟಗಾಗದಂತೆ ತರುವ ಕೈಗಳು ನನಗೆ ಗೊತ್ತಿರುವಂತೆ ತೀರ ಕಡಿಮೆ. ಗಾಡಿಯ ಅತಿ ಗಟ್ಟಿಯಾಗಿ ಉಳಿದ ಭಾಗವನ್ನೇ ಯಾಕೆ ಪಣಕ್ಕಿಡಬೇಕು? ತಗ್ಗಿದ ನೋಟ ಬೇಕಿದ್ದರೆ ಹಿಂದಿನ ಆಕ್ಸಲ್ ಮತ್ತು ಪಟ್ಟಾ ಸ್ಪ್ರಿಂಗಿನ ನಡುವೆ ಲೋಹದ ಅಡೆ ಇಟ್ಟು ಹಿಂಭಾಗವನ್ನು ಎರಡು ಇಂಚು ಇಳಿಸಬಹುದು. ಬೇಡವೆನಿಸಿದ ದಿನ ತೆಗೆಯಬಹುದು.

ಈಗ ಮುಖ್ಯ ಕೆಲಸಕ್ಕೆ ಬರೋಣ. ತುಕ್ಕಿನ ಮೇಲೆ ತಗಡು ಹೊಡೆಯುವುದು ನಮ್ಮಲ್ಲಿ ಎಲ್ಲ ಕಡೆ ನಡೆಯುತ್ತದೆ. ಮೊದಲ ಎರಡು ವರ್ಷ ಅದು ಚೆನ್ನಾಗಿಯೇ ಕಾಣುತ್ತದೆ. ಹೊಸ ತಗಡಿಗೂ ಹಳೆಯದಕ್ಕೂ ನಡುವೆ ಕಾಗದದಷ್ಟು ಸಂದು ಉಳಿಯುತ್ತದೆ, ಮಲೆನಾಡಿನ ಮಳೆಗೆ ಅಷ್ಟು ಸಾಕು. ನೀರು ಒಳಗೆ ಎಳೆದುಕೊಂಡು ಕೂರುತ್ತದೆ, ಹೊರಗೆ ಬರುವುದಿಲ್ಲ. ಮೂರನೇ ಮಳೆಗಾಲಕ್ಕೆ ಪುಟ್ಟಿ ಗುಳ್ಳೆ ಏಳುತ್ತದೆ. ಜಿಐ ಶೀಟಂತೂ ಬೇಡವೇ ಬೇಡ. ಅದರ ಮೇಲಿನ ಸತು ಬೆಸುಗೆಯ ಶಾಖಕ್ಕೆ ಆವಿಯಾಗಿ ಬೆಸುಗೆಯಲ್ಲಿ ತೂತು ಬೀಳುತ್ತದೆ. ಆ ಬಿಳಿ ಹೊಗೆ ಕುಡಿದ ಹುಡುಗ ರಾತ್ರಿ ಚಳಿಜ್ವರದಲ್ಲಿ ನಡುಗುತ್ತಾನೆ. ನಿಮಗೆ ಬೇಕಾದದ್ದು ಸಿಆರ್ ಶೀಟ್, ಅಂದರೆ ಸತು ಲೇಪವಿಲ್ಲದ, ತಣ್ಣಗೆ ಉರುಳಿಸಿ ತಯಾರಿಸಿದ ಉಕ್ಕಿನ ತಗಡು. ಗಟ್ಟಿ ಇರುವ ಜಾಗದಲ್ಲಿ ಪೇಂಟ್ ತೆಗೆದು ಮೈಕ್ರೋಮೀಟರ್ ಹಿಡಿದು ದಪ್ಪ ನೋಡಿ, ಅದೇ ದಪ್ಪದ ಶೀಟ್ ತನ್ನಿ; ಸಾಮಾನ್ಯವಾಗಿ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ. ಹತ್ತಿರ ಬರುತ್ತದೆ. ಗಟ್ಟಿಯಿರಲಿ ಎಂದು 16 ಗೇಜ್ ಹಾಕಿದರೆ ದಪ್ಪ ತಗಡು ತೆಳು ತಗಡನ್ನು ಎಳೆದು ಸುಕ್ಕು ಮಾಡುತ್ತದೆ.

ಬೆಸುಗೆ ಹಚ್ಚುವ ಮೊದಲು ಜೀವದ ಮಾತು. 1949ರಿಂದ ಈ ಗಾಡಿಗಳಲ್ಲಿ ಪೆಟ್ರೋಲ್ ಟ್ಯಾಂಕ್ ಕ್ಯಾಬಿನ ಒಳಗೇ, ಸೀಟಿನ ಹಿಂದೆ ಇದೆ. ನೀವು ಬೆಸೆಯಲಿರುವ ಮೂಲೆಗಳಿಗೂ ಅದಕ್ಕೂ ಒಂದು ಗೇಣಿನ ಅಂತರ. ಇಪ್ಪತ್ತು ವರ್ಷದಿಂದ ಖಾಲಿ ಇದೆ ಎಂದು ಬಿಡಬೇಡಿ. ತುಂಬಿದ ಟ್ಯಾಂಕಿಗಿಂತ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯ. ಬಿಚ್ಚಿ ಶೆಡ್ಡಿನಿಂದ ಹೊರಗೆ, ದೂರ ಇಡಿ. ಬ್ಯಾಟರಿ ವೈರ್ ಕಳಚಿ.

ಆಮೇಲೆ ಆಧಾರ. ಕ್ಯಾಬನ್ನು ಚಾಸಿಯ ಮೇಲೆ ತನ್ನ ಜಾಗದಲ್ಲೇ ಬೋಲ್ಟ್ ಬಿಗಿದು ಕೂರಿಸಿ, ಗಾಡಿಯನ್ನು ನಾಲ್ಕು ಸ್ಟ್ಯಾಂಡ್ ಮೇಲೆ ನೀರುಮಟ್ಟ ನೋಡಿ ನಿಲ್ಲಿಸಿ. ಒಂದು ಇಂಚಿನ ಚೌಕ ಪೈಪಿನಿಂದ ಬಾಗಿಲಿನ ಬಾಯಿಗೆ ಅಡ್ಡಲಾಗಿ, ಎಡದಿಂದ ಬಲಕ್ಕೆ, ಮೂಲೆಯಿಂದ ಮೂಲೆಗೆ ತಾತ್ಕಾಲಿಕ ಕಟ್ಟು ಬೆಸೆಯಿರಿ. ಈ ಕ್ಯಾಬಿನಲ್ಲಿ ಬಾಗಿಲ ಹೊಸ್ತಿಲು, ನೆಲ, ಹಿಂದಿನ ಮೂಲೆ ಮೂರೂ ಒಂದನ್ನೊಂದು ಹಿಡಿದು ನಿಂತಿವೆ. ಮೂರನ್ನೂ ಒಟ್ಟಿಗೆ ಕೊಯ್ದರೆ ಕ್ಯಾಬ್ ಕಣ್ಣಿಗೆ ಕಾಣದಷ್ಟು ಕುಸಿಯುತ್ತದೆ, ಅದು ಗೊತ್ತಾಗುವುದು ಕೊನೆಗೆ ಬಾಗಿಲು ಹಾಕುವಾಗ. ಒಂದು ಬದಿ ಮುಗಿದ ಮೇಲೆಯೇ ಇನ್ನೊಂದು ಬದಿ. ಪ್ರತಿ ತುಂಡನ್ನು ಅಲ್ಲಲ್ಲಿ ಚುಕ್ಕೆ ಬೆಸುಗೆಯಲ್ಲಿ ಹಿಡಿಸಿದ (ಟ್ಯಾಕ್ ಮಾಡಿದ) ಮೇಲೆ ಬಾಗಿಲು ನೇತುಹಾಕಿ, ಸುತ್ತ ಸಂದು ಸಮ ಬರುತ್ತಿದೆಯೇ ನೋಡಿ, ಆಮೇಲೆ ಮುಂದೆ ಹೋಗಿ. ಬೇಸರದ ಕೆಲಸ ಹೌದು. ನಾನು ಒಂದು ಮೂಲೆಗೆ ಮೂರು ದಿನ ಇಟ್ಟುಕೊಳ್ಳುತ್ತೇನೆ, ಅದರಲ್ಲಿ ಒಂದೂವರೆ ದಿನ ಅಳತೆಗೇ ಹೋಗುತ್ತದೆ.

ಮೂಲೆಯ ತುಂಡು ಮಾಡುವ ಬಗೆ ಹೀಗೆ. ಎಡಗಡೆಯ ಮೂಲೆ ನಿಮ್ಮದು ಅರ್ಧ ಉಳಿದಿದೆ. ಅದರ ಮೇಲೆ ದಪ್ಪ ಕಾಗದ ಒತ್ತಿ ಅಚ್ಚು ತೆಗೆಯಿರಿ. ಬಲಗಡೆಗೆ ಅದನ್ನೇ ಮಗುಚಿ ಹಿಡಿದರೆ ಆಯಿತು. ಕಾಗದ ಎಲ್ಲಿ ಸುಕ್ಕಾಗುತ್ತದೋ ಅಲ್ಲಿ ತಗಡನ್ನು ಕುಗ್ಗಿಸಬೇಕು, ಎಲ್ಲಿ ಹರಿಯುತ್ತದೋ ಅಲ್ಲಿ ಹಿಗ್ಗಿಸಬೇಕು. ಹಿಗ್ಗಿಸಲು ಮರಳಿನ ಚೀಲ, ಇಲ್ಲವೇ ಗುಳಿ ತೋಡಿದ ಮರದ ದಿಮ್ಮಿ, ಮೇಲೆ ಮರದ ಕೊಡತಿ. ನಿಮ್ಮ ಊರಿನ ಕಡೆ ಹಳೆಯ ತಾಮ್ರದ ಹಂಡೆ ಕಟ್ಟುತ್ತಿದ್ದವರು ಯಾರಾದರೂ ಇದ್ದರೆ ಅವರ ಕೈ ನೋಡಿ. ಅಂಚನ್ನು ನೆರಿಗೆ ಹಿಡಿದು, ಆ ನೆರಿಗೆಯನ್ನು ತುದಿಯಿಂದ ಒಳಗೆ ಬಡಿದು ತಗಡಿನಲ್ಲೇ ಕರಗಿಸುವ ವಿದ್ಯೆ ಎರಡೂ ಕಡೆ ಒಂದೇ. ತಾಮ್ರವನ್ನು ಪದೇ ಪದೇ ಕಾಯಿಸಬೇಕು, ಸಿಆರ್ ಶೀಟ್ ಇಷ್ಟು ಬಾಗಿಗೆ ತಣ್ಣಗೇ ಒಗ್ಗುತ್ತದೆ. ಅಮೆರಿಕದಲ್ಲಿ ಈ ಮೂಲೆಗಳು ರೆಡಿಮೇಡ್ ಸಿಗುತ್ತವೆ. ಸಾಗಣೆ, ಕಸ್ಟಮ್ಸ್ ಸೇರಿದರೆ ಭಾರವಾಗುತ್ತದೆ. ನೆಲ, ಹೊಸ್ತಿಲು, ಮೂಲೆ ಇವೆಲ್ಲ ಇಲ್ಲೇ ಆಗುವ ಕೆಲಸ. ತರಿಸುವುದಿದ್ದರೆ ರಬ್ಬರ್ ಬೀಡಿಂಗ್ ತರಿಸಿ, ಅದು ಇಲ್ಲಿ ಸರಿಯಾಗಿ ಸಿಗುವುದಿಲ್ಲ.

ಬೆಸುಗೆಯಲ್ಲಿ ಅಂಚಿಗೆ ಅಂಚು ಕೂಡಬೇಕು, ಒಂದರ ಮೇಲೊಂದು ಹತ್ತಬಾರದು. ಇಲ್ಲಿ ನನ್ನದೇ ಒಂದು ಪಾಠ ಹೇಳುತ್ತೇನೆ. ಕೆಲಸ ಕಲಿತ ಹೊಸದರಲ್ಲಿ ಒಂದು ತೋಟದ ಜೀಪಿನ ಬಾಗಿಲಿಗೆ ತೇಪೆ ಹಾಕಿದೆ. ಬೆಸುಗೆ ಚೆಂದ ಬರುತ್ತಿದೆ ಎಂಬ ಹುರುಪಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಉಸಿರಿಗೆ ಎಳೆದುಬಿಟ್ಟೆ. ತಣಿದಾಗ ಬಾಗಿಲ ನಡುಭಾಗ ಎಣ್ಣೆ ಡಬ್ಬದ ತಳದಂತೆ ಒತ್ತಿದರೆ ಒಳಗೆ, ಬಿಟ್ಟರೆ ಹೊರಗೆ ಟಪ್ ಎನ್ನುತ್ತಿತ್ತು. ಎಷ್ಟು ಬಡಿದರೂ ಸರಿಯಾಗಲಿಲ್ಲ, ಕೊನೆಗೆ ಇಡೀ ಹೊರತಗಡು ಬದಲಿಸಿಕೊಟ್ಟೆ. ಆದದ್ದು ಇಷ್ಟೇ: ಕಾದ ಕಡೆ ಉಕ್ಕು ಹಿಗ್ಗಲು ನೋಡುತ್ತದೆ, ಸುತ್ತಲಿನ ತಣ್ಣನೆ ತಗಡು ಬಿಡುವುದಿಲ್ಲ. ಹಾಗಾಗಿ ಕಾದ ಭಾಗ ಅಲ್ಲೇ ದಪ್ಪಗಾಗುತ್ತದೆ. ತಣಿಯುವಾಗ ಕುಗ್ಗುತ್ತದೆ, ಆದರೆ ಮೊದಲಿನ ಅಳತೆಗಿಂತ ಚಿಕ್ಕದಾಗಿ ಕುಗ್ಗುತ್ತದೆ. ಆ ಎಳೆತಕ್ಕೇ ಸುತ್ತಲಿನ ತಗಡು ಸೊಟ್ಟಗಾಗುವುದು.

ಆದ್ದರಿಂದ ಚುಕ್ಕೆ ಚುಕ್ಕೆಯಾಗಿ ಬೆಸೆಯಿರಿ. ನಮ್ಮ ಶೆಡ್ಡುಗಳಲ್ಲಿ ಸಿಒ2 ವೆಲ್ಡಿಂಗ್ ಅನ್ನುವ ಮಿಗ್ (ಗ್ಯಾಸಿನ ಮರೆಯಲ್ಲಿ ತಂತಿ ಕರಗಿಸಿ ಬೆಸೆಯುವ ವಿದ್ಯುತ್ ವೆಲ್ಡಿಂಗ್) ಸಾಕು, 0.8 ಮಿ.ಮೀ. ತಂತಿ ಹಾಕಿ. ಬರೀ ಸಿಒ2 ಬದಲು ಆರ್ಗಾನ್ ಬೆರೆತ ಗ್ಯಾಸ್ ಸಿಕ್ಕರೆ ತೆಳು ತಗಡಿಗೆ ಒಳ್ಳೆಯದು, ಸಿಡಿಯುವುದು ಕಡಿಮೆ. ಇಂಚಿಗೊಂದು ಚುಕ್ಕೆ, ಒಂದು ಈ ತುದಿಗೆ, ಮುಂದಿನದು ಆ ತುದಿಗೆ. ಕೈಯಿಟ್ಟರೆ ಬಿಸಿ ಹತ್ತದಷ್ಟು ಆರಿದ ಮೇಲೆ ಮುಂದಿನ ಚುಕ್ಕೆ. ಒದ್ದೆ ಬಟ್ಟೆ ಒತ್ತಿ ಅವಸರದಲ್ಲಿ ತಣಿಸಬೇಡಿ. ಪ್ರತಿ ಸುತ್ತಿಗೂ ಚುಕ್ಕೆಗಳ ತಲೆ ಸವರಿ, ಹಿಂದೆ ಡಾಲಿ (ಕೈಯಲ್ಲಿ ಹಿಡಿಯುವ ಉಕ್ಕಿನ ಅಡಿಗಟ್ಟಿ) ಹಿಡಿದು ಮೇಲೆ ಸುತ್ತಿಗೆಯಲ್ಲಿ ಮೆಲ್ಲಗೆ ಬಡಿಯಿರಿ. ಕುಗ್ಗಿದ ಬೆಸುಗೆಯನ್ನು ಅಷ್ಟಷ್ಟೇ ಹಿಗ್ಗಿಸಿ ಮೊದಲಿನ ಅಳತೆಗೆ ತರುವ ಕೆಲಸ ಅದು. ಮಿಗ್ ಬೆಸುಗೆ ಸ್ವಲ್ಪ ಗಡುಸು, ಬಡಿತಕ್ಕೆ ಬೇಗ ಒಲಿಯದು. ಹಳೇ ಕೈಯ ಗ್ಯಾಸ್ ವೆಲ್ಡರ್ ಸಿಕ್ಕರೆ ಬಿಡಬೇಡಿ. ಗ್ಯಾಸ್ ಬೆಸುಗೆ ಮೃದು, ಆದರೆ ಶಾಖ ಹರಡುತ್ತದೆ, ಕೈ ಪಳಗಿರಬೇಕು. ಡಾಲಿ ಹಿಡಿಯಲು ಹಿಂದೆ ಕೈ ಹೋಗದ ಜಾಗದಲ್ಲಿ ಬೆಸುಗೆಯ ಗೆರೆ ಇಟ್ಟುಕೊಳ್ಳಬೇಡಿ. ಕೊಯ್ಯುವ ಗೆರೆ ಎಲ್ಲಿ ಎಂದು ನಿರ್ಧರಿಸುವಾಗಲೇ ಈ ಯೋಚನೆ ಮಾಡಬೇಕು, ತುಕ್ಕಿನ ಅಂಚು ನೋಡಿ ಮಾತ್ರ ಗೆರೆ ಎಳೆಯುವುದಲ್ಲ.

ಉಳಿದ ತುಕ್ಕು ತೆಗೆಯುವ ಬಗ್ಗೆ: ಸ್ಯಾಂಡ್ ಬ್ಲಾಸ್ಟಿಂಗ್ ಚಾಸಿಗೆ ಮಾಡಿಸಿ. ರೂಫು, ಬಾನೆಟ್ಟು, ಬಾಗಿಲ ಹೊರತಗಡಿಗೆ ಬೇಡ. ಜೋರಾಗಿ ಬಡಿದ ಮರಳು ತಗಡಿನ ಒಂದು ಮುಖವನ್ನು ಮಾತ್ರ ಹಿಗ್ಗಿಸಿ ಇಡೀ ತಗಡನ್ನು ಉಬ್ಬಿಸಿಬಿಡುತ್ತದೆ. ಕೀಲು, ಬ್ರಾಕೆಟ್ಟು, ಲಾಚು, ಹಿಂಬಾಗಿಲಿನ ಸರಪಳಿ ಇಂಥ ಸಣ್ಣ ಸಾಮಾನಿಗೆ ನನ್ನ ಇಷ್ಟದ ದಾರಿ ಕಾಕಂಬಿ. ದನದ ಮೇವಿಗೆ ಮಾರುವ ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಲಸಿ ಸಾಮಾನು ಪೂರ್ತಿ ಮುಳುಗಿಸಿ. ಎರಡು ವಾರಕ್ಕೆ ತುಕ್ಕು ಮಣ್ಣಿನಂತೆ ಬಿಟ್ಟುಹೋಗುತ್ತದೆ, ಒಳ್ಳೆಯ ಕಬ್ಬಿಣಕ್ಕೆ ಏನೂ ಆಗುವುದಿಲ್ಲ. ಅರ್ಧ ಮುಳುಗಿ ಅರ್ಧ ಹೊರಗಿದ್ದರೆ ಮಾತ್ರ ನೀರಿನ ಗೆರೆ ಬಿದ್ದ ಕಡೆ ಕಚ್ಚು ಬೀಳುತ್ತದೆ. ಅಲ್ಯೂಮಿನಿಯಂ, ಸತುವಿನ ಎರಕ, ಕ್ರೋಮ್ ಹ್ಯಾಂಡಲ್ ಹಾಕಬೇಡಿ, ಕರಗಿಹೋಗುತ್ತವೆ. ವಾಸನೆ ಘಾಟು, ಮನೆಯಿಂದ ದೂರ ಇಡಿ.

ಇನ್ನು ನಿಮ್ಮ ಆಸೆಯ ಮಡ್‌ಗಾರ್ಡ್. ಮೊದಲು ಟೈರನ್ನೇ ರಿಮ್ಮಿಗೆ ಹಾಕಿ ಗಾಡಿಗೆ ಕಟ್ಟಿ, ತೊಟ್ಟಿಗೆ ಭಾರ ಹೇರಿ, ಎಷ್ಟು ಹೊರಗೆ ಬರುತ್ತದೆ ನೋಡಿ. ಎರಡು ಇಂಚಿಗಿಂತ ಹೆಚ್ಚು ಅಗಲ ಈ ಮೈಕಟ್ಟಿಗೆ ಒಪ್ಪುವುದಿಲ್ಲ ಎಂಬುದು ನನ್ನ ಕಣ್ಣಿನ ಮಾತು. ಈ ಗಾಡಿಯ ಹಿಂದಿನ ಮಡ್‌ಗಾರ್ಡ್ ಒಂದು ತುಂಬು ಗುಂಡು ಆಕಾರ; ಹೊರ ಅಂಚಿಗೆ ಪಟ್ಟಿ ಸೇರಿಸಿದರೆ ಟೋಪಿಗೆ ಅಂಚು ಹೊಲಿದ ಹಾಗೆ ಕಾಣುತ್ತದೆ. ಅಗಲ ಸೇರಬೇಕಾದದ್ದು ತೊಟ್ಟಿಯ ಕಡೆಯ ಚಪ್ಪಟೆ ಅಂಚು ತಿರುಗಿ ಉಬ್ಬು ಶುರುವಾಗುವ ಜಾಗದಲ್ಲಿ. ಅಲ್ಲಿ ಉದ್ದಕ್ಕೂ ಸೀಳಿ ಎರಡು ಇಂಚಿನ ಪಟ್ಟಿ ಹಾಕಿದರೆ ಹೊರಗಿನ ಗುಂಡು ಹಾಗೇ ಉಳಿಯುತ್ತದೆ, ಇಡೀ ಮಡ್‌ಗಾರ್ಡ್ ಹೊರಕ್ಕೆ ಸರಿದಂತೆ ಕಾಣುತ್ತದೆ. ಆದರೆ ನಿಮ್ಮ ಮೂಲ ಜೊತೆಯನ್ನು ಸೀಳಬೇಡಿ. 6 ಮಿ.ಮೀ. ಸರಳಿನಿಂದ ಅದರ ಆಕಾರದ ಪಂಜರ ಕಟ್ಟಿಕೊಂಡು, ಪಂಜರವನ್ನು ಎರಡು ಇಂಚು ಅಗಲಿಸಿ, ಅದಕ್ಕೆ ಕೂಡುವಂತೆ ಹೊಸ ಜೊತೆಯನ್ನು ನಾಲ್ಕೈದು ತುಂಡಿನಲ್ಲಿ ಬಡಿಸಿ. ಇಂಗ್ಲಿಷ್ ವೀಲ್ (ಎರಡು ಉರುಳೆಗಳ ನಡುವೆ ತಗಡು ಒತ್ತಿ ಬಾಗಿಸುವ ಯಂತ್ರ) ಇರುವ ಶೆಡ್ ಸಿಕ್ಕರೆ ತಗಡು ನುಣುಪಾಗಿ ಬರುತ್ತದೆ, ಇಲ್ಲದಿದ್ದರೆ ಕೊಡತಿ ಮತ್ತು ತಾಳ್ಮೆ. ಬೋಲ್ಟ್ ತೂತುಗಳು ಮಾತ್ರ ಮೂಲದ್ದರ ಮೇಲಿಟ್ಟು ಗುರುತು ಮಾಡಿದವೇ ಆಗಿರಬೇಕು.

ತೊಟ್ಟಿಯ ಹಲಗೆ ನನಗೆ ತುಂಬ ಇಷ್ಟದ ವಿಷಯ. ತೊಟ್ಟಿ ಆರೂವರೆ ಅಡಿ ಉದ್ದ, 50 ಇಂಚು ಅಗಲ. ನೆಲಕ್ಕೆ ಉದ್ದುದ್ದ ಹಲಗೆ, ಹಲಗೆಗಳ ನಡುವೆ ಉಕ್ಕಿನ ಪಟ್ಟಿ, ಪಟ್ಟಿಯ ಮೂಲಕ ಕೆಳಗಿನ ಅಡ್ಡಪಟ್ಟಿಗೆ ಬೋಲ್ಟ್. ನಿಮ್ಮ ತೋಟದಲ್ಲಿ ಸಿಲ್ವರ್ ಓಕ್ ಬೇಕಾದಷ್ಟು ಇರುತ್ತದೆ, ಅದನ್ನೇ ಕೊಯ್ಸೋಣ ಅನ್ನಿಸುತ್ತದೆ. ಬೇಡ, ಮಳೆಬಿಸಿಲಿಗೆ ಅದು ನಿಲ್ಲುವುದಿಲ್ಲ. ಹೊನ್ನೆ ಗಟ್ಟಿ, ಚೆಲುವೂ ಹೌದು. ಆದರೆ ನೆನೆದರೆ ಹಳದಿ ಬಣ್ಣ ಬಿಡುತ್ತದೆ, ಕಾಫಿ ಚೀಲ ಇಟ್ಟರೆ ಚೀಲಕ್ಕೆ ಕಲೆ. ತೇಗ ಅಥವಾ ಹೆಬ್ಬಲಸು ನನ್ನ ಆಯ್ಕೆ. ಹೊಸದಾಗಿ ಮರ ಕಡಿಸಬೇಡಿ, ಅರಣ್ಯ ಇಲಾಖೆಯ ಪರವಾನಗಿ ಬೇರೆ ಬೇಕಾಗುತ್ತದೆ. ಹಳೇ ಮನೆ ಬಿಚ್ಚಿದ ತೊಲೆ, ಜಂತೆ ಸಿಕ್ಕರೆ ಅದಕ್ಕಿಂತ ಒಣಗಿದ ಮರ ಇಲ್ಲ. ಮೊಳೆ ಹುಡುಕಿ ತೆಗೆದು ಮಿಲ್ಲಿಗೆ ಕೊಡಿ, ಮುಕ್ಕಾಲು ಇಂಚಿಗೆ ಕೊಯ್ಸಿ. ಹಲಗೆಗೆ ಹಲಗೆ ಒತ್ತಿ ಕೂರಿಸಬಾರದು. ಪಟ್ಟಿಯ ಕೆಳಗೆ ಐದಾರು ಮಿ.ಮೀ. ಸಂದು ಇರಲಿ, ಜುಲೈನಲ್ಲಿ ಮರ ಉಬ್ಬುತ್ತದೆ. ಎಣ್ಣೆಯೋ ವಾರ್ನಿಷೋ, ಆರೂ ಮುಖಕ್ಕೆ ಬಳಿಯಿರಿ, ಬೋಲ್ಟ್ ತೂತಿನ ಒಳಗೂ. ಮೇಲೆ ಮಾತ್ರ ಬಳಿದ ಹಲಗೆ ಕೆಳಗಿನಿಂದ ನೀರು ಕುಡಿದು ದೋಣಿಯಂತೆ ಬಾಗುತ್ತದೆ.

ಪೇಂಟಿಗೆ ಬಂದರೆ ಒಂದೇ ಒತ್ತಾಯ. ಬರಿಗಬ್ಬಿಣದ ಮೇಲೆ ನೇರವಾಗಿ ಎಪಾಕ್ಸಿ ಪ್ರೈಮರ್ ಹೊಡೆಸಿ, ಪುಟ್ಟಿ ಅದರ ಮೇಲೆ. ಸಾಮಾನ್ಯ ರೆಡ್ ಆಕ್ಸೈಡ್ ನೀರನ್ನು ಪೂರ್ತಿ ತಡೆಯುವುದಿಲ್ಲ, ಪುಟ್ಟಿಯೂ ತೇವ ಹೀರುತ್ತದೆ. ಅದು ಕಬ್ಬಿಣವನ್ನು ಮುಟ್ಟಬಾರದು. ಲೋಹದ ಕೆಲಸ ಸರಿಯಾಗಿದ್ದರೆ ಪುಟ್ಟಿ ಎರಡು ಮಿ.ಮೀ. ದಾಟುವುದಿಲ್ಲ. ಶೆಡ್ಡಿನವರಿಗೆ ಒಂದು ಅಯಸ್ಕಾಂತ ತೋರಿಸಿ, ಪುಟ್ಟಿ ಹಾಕಿದ ಮೇಲೂ ಇದು ಹಿಡಿಯಬೇಕು ಎಂದು ಮೊದಲೇ ಹೇಳಿ. ಬೆಸೆದ ಮೂಲೆ, ಹೊಸ್ತಿಲುಗಳ ಒಳಗೆ ಮೇಣ ಸಿಂಪಡಿಸಿ. ಕೆಳಗೆ ನೀರು ಹೋಗುವ ತೂತು ಇರಲಿ. ನಿಮ್ಮ ಮೂಲೆಗಳು ಕೊಳೆತದ್ದೇ ಒಳಗೆ ಧೂಳು, ಕಾಫಿ ಎಲೆ ತುಂಬಿ ಆ ತೂತು ಮುಚ್ಚಿಕೊಂಡದ್ದರಿಂದ. ಮೂರನೇ ಫೋಟೊದಲ್ಲಿ ಅದು ಚೆನ್ನಾಗಿ ಕಾಣುತ್ತಿದೆ.

ಕೊನೆಯದಾಗಿ ಕಾಲ. ಮಳೆಗಾಲದಲ್ಲಿ ನಿಮ್ಮ ಕಡೆ ಉಜ್ಜಿದ ತಗಡು ಸಂಜೆಯೊಳಗೆ ಕೆಂಪಾಗುತ್ತದೆ. ತಗಡಿನ ಕೆಲಸ, ಪೇಂಟ್ ಎರಡನ್ನೂ ಡಿಸೆಂಬರ್‌ನಿಂದ ಏಪ್ರಿಲ್ ನಡುವೆ ಇಟ್ಟುಕೊಳ್ಳಿ. ಕಾಫಿ ಕೊಯ್ಲಿನ ಸಮಯಕ್ಕೇ ಬರುತ್ತದೆ, ನಿಮಗೆ ಕಷ್ಟ ಎಂದು ಗೊತ್ತು, ಆದರೆ ಬೇರೆ ದಾರಿ ಇಲ್ಲ. ಅಲ್ಲಿಯವರೆಗೆ ಟ್ಯಾಂಕ್ ಬಿಚ್ಚಿ, ತೊಟ್ಟಿ ಕಳಚಿ, ಪ್ರತಿ ಬೋಲ್ಟಿಗೂ ಚೀಟಿ ಬರೆದು ಡಬ್ಬಕ್ಕೆ ಹಾಕಿ, ಕಾಕಂಬಿ ಡ್ರಮ್ ಶುರು ಮಾಡಿ, ಹಳೇ ತೊಲೆ ಹುಡುಕಿ. ನೆಲ ಬಿಚ್ಚಿದ ಮೇಲೆ ಕ್ಯಾಬ್ ಕೂರುವ ಬ್ರಾಕೆಟ್ಟುಗಳ ಫೋಟೊ ಕಳಿಸಿ. ಅವು ಗಟ್ಟಿ ಇವೆಯೇ ಎಂದು ನೋಡಿ, ಎಲ್ಲಿ ಮೊದಲು ಗೆರೆ ಎಳೆಯಬೇಕು ಎಂದು ಹೇಳುತ್ತೇನೆ.